ಆಡು ಮುಟ್ಟದ ನೀರು

ನಕ್ಷೆಯ ಮೇಲಿನ ಆ ಕೆಂಪು ಗೀಟು ಕಣ್ಣಂದಾಜಿನದು, ಸುತ್ತಿಗೆಯದಲ್ಲ. ಈ ಮಾತನ್ನು ಭೂವಿಜ್ಞಾನ ಕಛೇರಿಯ ರಯ್ಯಾ ಯಾರ ಮುಂದೆಯೂ ಆಡಿರಲಿಲ್ಲ. ದಿನಚರಿಯಲ್ಲಿ ಒಂದೇ ಸಾಲಾಗಿ ಬರೆದು, ಅದರ ಕೆಳಗೆ ಇನ್ನೇನನ್ನೂ ಬರೆಯಲಾಗದೆ ಪುಸ್ತಕ ಮುಚ್ಚಿದ್ದಳು.

ಗೀಟು ಎಳೆದ ದಿನ ಹೈಲ್ ಕಣಿವೆಯಲ್ಲಿ ಬಿಸಿಲು ನೆತ್ತಿಗೇರಿತ್ತು. ಕೆಳಗಿನಿಂದ ಒಂದೊಂದೇ ಬಂಡೆಯನ್ನು ಒಡೆದು, ಒಳಮೈ ನೋಡಿ, ಗುರುತು ಹಾಕಿಕೊಳ್ಳುತ್ತ ಅವಳು ಮೇಲಕ್ಕೆ ಬಂದಿದ್ದಳು. ಇನ್ನು ಇನ್ನೂರು ಹೆಜ್ಜೆ ಉಳಿದಿದೆ ಎನ್ನುವಾಗ ಜೊತೆಗೆ ಬಂದಿದ್ದ ಮೂವರು ಗಂಡಸರು ಗಾಡಿಯಲ್ಲಿ ಕೂತು ಹಾರ್ನ್ ಒತ್ತಿದರು. ಇನ್ನೊಂದು ಗಳಿಗೆ ನಿಲ್ಲಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಎದುರಿಗೆ ಬೆಟ್ಟದ ಮೈಮೇಲೆ ಕಡುಕಂದು ಪಟ್ಟೆಯೊಂದು ಕಾಣುತ್ತಿತ್ತು. ಅದೇ ಇರಬೇಕು ಅಂದುಕೊಂಡು ಗೀಟನ್ನು ಅಲ್ಲಿಗೆ ಎಳೆದು ಓಡಿಹೋಗಿ ಗಾಡಿ ಹತ್ತಿದ್ದಳು.

ಅದು ಅಂತಿಂಥ ಗೀಟಲ್ಲ. ಭೂಮಿಯ ತೊಗಟೆ ಮುಗಿದು ಒಡಲು ಶುರುವಾಗುವ ಜಾಗ ಅದು. ಕಡಲ ತಳದಲ್ಲಿ ಅದನ್ನು ಮುಟ್ಟಬೇಕೆಂದರೆ ಆರೇಳು ಕಿಲೋಮೀಟರು ಕಲ್ಲು ಕೊರೆಯಬೇಕು; ಹಾಗೆ ಕೊರೆದು ಮುಟ್ಟಿದವರು ಇನ್ನೂ ಹುಟ್ಟಿಲ್ಲ. ಇಲ್ಲಾದರೋ ಖರ್ಜೂರದ ತೋಟ ದಾಟಿ ಅರ್ಧ ಗಂಟೆ ನಡೆದರೆ ಸಾಕು, ಅಂಗೈ ಇಟ್ಟು ನೋಡಬಹುದು. ಗೀಟಿನ ಆಚೆ ಈಚೆ ನೂರು ನೂರು ಹೆಜ್ಜೆಗೆ ಬೇಲಿ ಹಾಕಿ ಕಾಪಾಡುವುದೆಂದೂ, ಬೇಲಿಯಿಂದ ಮೇಲಿನದನ್ನು ರಸ್ತೆಯ ಜಲ್ಲಿಗೆ ಬಿಟ್ಟುಕೊಡುವುದೆಂದೂ ಕಛೇರಿಯಲ್ಲಿ ತೀರ್ಮಾನವಾಗಿತ್ತು. ಈ ದಿನ ಹತ್ತು ಗಂಟೆಗೆ ಊರ ಹಿರಿಯ ಶೇಖ್ ಮುಹನ್ನಾರ ಮುಂದೆ ನಕ್ಷೆ ಬಿಚ್ಚಿ, ಅವರ ಒಪ್ಪಿಗೆ ಪಡೆದು, ಮಧ್ಯಾಹ್ನವೇ ಕಂಬ ನೆಡುವವರಿದ್ದರು. ಜಲ್ಲಿಯವರ ಯಂತ್ರ ಆಗಲೇ ಕಣಿವೆಯ ಬಾಯಿಗೆ ಬಂದು ನಿಂತಿತ್ತು.

ಅದಕ್ಕೇ ರಯ್ಯಾ ಯಾರಿಗೂ ಹೇಳದೆ ಬೆಳಗಿನ ಆರಕ್ಕೇ ಸುತ್ತಿಗೆ ಹಿಡಿದು ಬಂದಿದ್ದಳು. ಕಂದು ಪಟ್ಟೆಯ ಬುಡದಲ್ಲಿ ನಿಂತು ಬಂಡೆಯ ಮೂಲೆಯೊಂದನ್ನು ಒಡೆದಳು. ಹೋಳಾದ ಕಲ್ಲಿನ ಒಳಗೆ ಎಳ್ಳು ಚೆಲ್ಲಿದಂತೆ ಬಿಳಿ ಕಾಳುಗಳು. ಇನ್ನೊಂದು ಒಡೆದಳು. ಅಲ್ಲೂ ಬಿಳಿ ಕಾಳು. ಒಡಲಿನ ಕಲ್ಲಿನಲ್ಲಿ ಹೀಗೆ ಬಿಳಿ ಇರುವುದಿಲ್ಲ. ಇದು ಇನ್ನೂ ತೊಗಟೆಯೇ. ಮೇಲ್ಮೈ ಮಾತ್ರ ಬಿಸಿಲಿಗೆ ಕಂದಿತ್ತು. ಎಂದರೆ ಗೀಟು ತಪ್ಪು.

“ಬೆಳಬೆಳಿಗ್ಗೆನೇ ಆ ಕಲ್ಲಿಗೆ ಹೊಡೀತಿದ್ದೀಯಲ್ಲ ಮಗಳೇ, ನಿಂಗೇನು ಮಾಡಿತ್ತು ಅದು?”

ಹಿಲಾಲನಮ್ಮ. ಮಗನ ಹೆಸರಿನಿಂದಲೇ ಊರು ಅವಳನ್ನು ಕರೆಯುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸು. ಇಪ್ಪತ್ತು ಆಡುಗಳನ್ನು ಮುಂದೆ ಬಿಟ್ಟುಕೊಂಡು ದಿನವೂ ಈ ಕಣಿವೆ ಹತ್ತಿ ಇಳಿಯುತ್ತಿದ್ದಳು. ಹೋದ ಸಲ ಬಂದಾಗ ರಯ್ಯಾಗೆ ಎರಡು ಹಿಡಿ ಖರ್ಜೂರ ಕೊಟ್ಟು, ಇಷ್ಟು ಸಣ್ಣಗಿದ್ದೀಯ, ಕಲ್ಲು ಒಡೆಯೋ ಕೆಲಸ ಯಾರು ಕೊಟ್ಟರು ಎಂದು ನಕ್ಕಿದ್ದಳು. ಏನೋ ಹುಡುಕುತ್ತಿದ್ದೇನೆ ದೊಡ್ಡಮ್ಮ ಎಂದಷ್ಟೇ ಹೇಳಿ ರಯ್ಯಾ ಅವಳ ಹಿಂದೆಯೇ ಮೇಲಕ್ಕೆ ನಡೆದಳು.

ಮುಂದಿನ ತಿರುವು ಹತ್ತಿರವಾದಂತೆ ಮುದುಕಿ ನಾಲಗೆ ಲೊಟಗುಟ್ಟಿಸಿ ಆಡುಗಳನ್ನು ಎಡದ ಓಣಿಗೆ ತಿರುಗಿಸಿದಳು. ಅವು ತಾವಾಗಿಯೇ ತಿರುಗಿದಂತಿತ್ತು. ನೇರ ದಾರಿ ಇರುವಾಗ ಈ ಸುತ್ತು ಯಾಕೆ ಎಂದು ರಯ್ಯಾ ಕೇಳಿದಳು.

“ಅಲ್ಲಿ ಕಹಿ ನೀರಿದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆ ನೀರು ಮಾತ್ರ ಇವು ಮೂಸಿನೂ ನೋಡಲ್ಲ.”

ರಯ್ಯಾಗೆ ಅಲ್ಲಿ ನೀರೇ ಕಾಣಲಿಲ್ಲ, ಬರೀ ಗರಸು. ಜನವರಿಯ ಪ್ರವಾಹ ಬಂದು ಮುಚ್ಚಿಹಾಕಿದೆ, ನನ್ನ ಕಣ್ಣಿಗೂ ಕಾಣಲ್ಲ, ಆದರೆ ಇವಕ್ಕೆ ಗೊತ್ತು ಎಂದಳು ಹಿಲಾಲನಮ್ಮ. ಕೋಲು ಕೆಳಗಿಟ್ಟು, ಬಂಡೆಯ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ಎರಡೂ ಕೈಯಿಂದ ಗರಸು ತೋಡತೊಡಗಿದಳು. ರಯ್ಯಾ ಕೂಡ ಕೈ ಹಾಕಿದಳು. ಮೊಳದಷ್ಟು ತೋಡುವ ಹೊತ್ತಿಗೆ ಕಲ್ಲುಗಳು ಸುಣ್ಣ ಬಳಿದಂತೆ ಬೆಳ್ಳಗಾದವು. ಇನ್ನೊಂದು ಗೇಣು ಹೋದಾಗ ನೀರು ಜಿನುಗಿತು. ತಿಳಿನೀಲಿ, ಮೇಲೆ ಹಾಲಿನ ಕೆನೆಯಂಥ ಪೊರೆ. ಬೆರಳದ್ದಿದರೆ ಸಾಬೂನಿನಂತೆ ಜಾರುತ್ತಿತ್ತು. ರಯ್ಯಾ ನಾಲಗೆಯ ತುದಿಗೆ ಒಂದು ಹನಿ ಮುಟ್ಟಿಸಿಕೊಂಡು ಮುಖ ಕಿವುಚಿದಳು.

“ಕಲ್ಲು ಒಡೆದಿದ್ದಾಯ್ತು, ಈಗ ಇದೂ ಕುಡೀತೀಯಾ?” ಎಂದಳು ಮುದುಕಿ.

ರಯ್ಯಾ ಓದಿದ್ದೆಲ್ಲ ಒಮ್ಮೆಲೇ ಎದ್ದು ಬಂದಿತ್ತು. ಒಡಲಿನ ಕಲ್ಲಿಗೆ ಇಳಿದ ಮಳೆನೀರು ವರ್ಷಗಟ್ಟಲೆ ಅದರೊಳಗೆ ಅಲೆದು, ಕಲ್ಲಿನ ಗುಣವನ್ನೇ ಬದಲಿಸಿ, ತಾನೂ ಬದಲಾಗಿ, ಕಹಿಯಾಗಿ, ತೊಗಟೆ ತಾಗುವ ಕಡೆ ಹೊರಗೆ ಬರುತ್ತದೆ. ಅವಳು ಪಕ್ಕದ ಬಂಡೆಯನ್ನು ಒಡೆದಳು. ಒಳಗೆ ಕಪ್ಪು ಹಸಿರು, ಬಿಳಿಯ ಚುಕ್ಕೆಯೂ ಇಲ್ಲ, ನಡುನಡುವೆ ಕಂಚಿನಂತೆ ಮಿನುಗುವ ಹರಳು. ತಲೆಯೆತ್ತಿದಳು. ಎದೆಯೆತ್ತರದಲ್ಲಿ ಬಂಡೆಯ ಗುಣ ಬದಲಾಗುತ್ತಿತ್ತು. ಅಲ್ಲಿಂದ ಮೇಲಕ್ಕೆ ಬಿಳಿ ಕಪ್ಪು, ಬಿಳಿ ಕಪ್ಪು, ನೇಯ್ದ ಕಂಬಳಿಯ ಪಟ್ಟೆಯಂತೆ ಪದರ ಪದರ. ಒಂದು ಕೈಯನ್ನು ತೊಗಟೆಯ ಪಟ್ಟೆಯ ಮೇಲೆ, ಇನ್ನೊಂದನ್ನು ಅದರ ಕೆಳಗಿನ ಒಡಲಿನ ಕಗ್ಗಲ್ಲಿನ ಮೇಲೆ ಇಟ್ಟು ನಿಂತಳು. ಯಾರೂ ಕೆತ್ತದ, ಯಾರೂ ಹೊರದ ಇದು ಕಡಲಿನ ಅಡಿಯಿಂದ ಇಲ್ಲಿಗೆ ಬಂದು, ಇಷ್ಟು ದಿನ ಸುಮ್ಮನೆ ಆಡುಗಳಿಗೆ ದಾರಿ ಬಿಟ್ಟು ನಿಂತಿತ್ತಲ್ಲ ಎಂದು ಅವಳ ಕಣ್ಣು ತುಂಬಿತು.

ಏನಾಯ್ತೆಂದು ಹಿಲಾಲನಮ್ಮ ಕೇಳಿದಾಗ, ಎಂದೂ ಇಷ್ಟು ಮಾತಾಡದ ರಯ್ಯಾ ಮಾತಾಡಿದಳು. ಒಂಬತ್ತೂವರೆ ಕೋಟಿ ವರ್ಷದ ಕೆಳಗೆ ಈ ಬೆಟ್ಟವೆಲ್ಲ ಕಡಲಿನ ನೆಲವಾಗಿತ್ತು ಎಂದಳು. ನೆಲ ಬಿರಿದ ಕಡೆ ಒಡಲಿನ ಕಲ್ಲು ಕರಗಿ ಉಕ್ಕಿ, ಆರಿ, ಈ ತೊಗಟೆ ಕಟ್ಟಿತು. ನಮ್ಮ ಅರಬರ ನೆಲ ಬಡಗಣಕ್ಕೆ ಸರಿದು ಬಂದಾಗ ನಡುವಿನ ಕಡಲು ಇರುಕಿಗೆ ಸಿಕ್ಕಿತು. ಸಾಮಾನ್ಯವಾಗಿ ಕಡಲ ನೆಲ ಇಂಥ ಕಡೆ ಅಡಿಗೆ ನುಸುಳಿ ಮುಳುಗಿಬಿಡುತ್ತದೆ. ಇದು ಮುಳುಗಲೊಲ್ಲದೆ, ತೊಗಟೆಯನ್ನೂ ಒಡಲನ್ನೂ ಒಟ್ಟಿಗೆ ಹೊತ್ತುಕೊಂಡು ದಡ ಹತ್ತಿತು.

“ಅಂದ್ರೆ ಹೊರಗಿಂದ ಬಂದ ಸೊಸೆ ಅತ್ತೆ ಹೆಗಲ ಮೇಲೇ ಕೂತಂಗಾಯ್ತು,” ಎಂದಳು ಹಿಲಾಲನಮ್ಮ. “ನಮ್ಮನೆಯಲ್ಲೂ ಹಿಂಗೇ.”

ನೆಲ ಈಗಲೂ ಸರಿಯುತ್ತಲೇ ಇದೆ, ನೀವು ಹುಟ್ಟಿದಾಗಿನಿಂದ ಹೆಚ್ಚುಕಡಿಮೆ ನಿಮ್ಮ ಎತ್ತರದಷ್ಟು ಬಡಗಣಕ್ಕೆ ಹೋಗಿದೆ ಎಂದಾಗ ಮುದುಕಿ, ಅದಕ್ಕೇ ಮನೆ ದೂರವಾದಂತೆ ಅನ್ನಿಸುತ್ತೆ, ನಾನು ಮಂಡಿಯನ್ನು ಬಯ್ಯುತ್ತಿದ್ದೆ ಎಂದು ನಕ್ಕಳು. ಆಮೇಲೆ ಬಂಡೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತನ್ನ ಗಂಡ, ಮಾವ, ಮಾವನ ಅಪ್ಪ ಎಲ್ಲ ಇಲ್ಲೇ ಆಡು ತಿರುಗಿಸಿದವರು, ಇಂಥದ್ದರ ಮುಂದೆ ತಿರುಗುತ್ತಿದ್ದೇವೆ ಎಂದು ಯಾರಿಗೂ ಗೊತ್ತಿರಲಿಲ್ಲ ಎಂದು ಮೆಲ್ಲಗೆ ಹೇಳಿ, ಬೇಲಿ ಇದಕ್ಕೇ ತಾನೇ ಹಾಕೋದು ಎಂದು ಕೇಳಿದಳು.

ಬೇಲಿ ಕೆಳಗೆ ಕಂದು ಪಟ್ಟೆಗೆ ಬರುತ್ತದೆ, ಇದು ಜಲ್ಲಿಯವರ ಪಾಲಿಗೆ ಎಂದು ರಯ್ಯಾ ಹೇಳಬೇಕಾಯಿತು.

“ಹಂಗೆ ಯಾರು ಗೀಟು ಎಳೆದೋರು?”

“ಕಛೇರಿಯವರು, ದೊಡ್ಡಮ್ಮ,” ಎಂದಳು ರಯ್ಯಾ. ಹೇಳಿದ ಮೇಲೆ ನೆಲ ನೋಡಿದಳು.

ಹತ್ತು ಗಂಟೆಗೆ ಶೇಖ್ ಮುಹನ್ನಾರ ಹಜಾರದಲ್ಲಿ ಗಂಡಸರು ಗೋಡೆಗೆ ಒರಗಿ ಕೂತಿದ್ದರು. ಖರ್ಜೂರದ ತಟ್ಟೆ ಸುತ್ತು ಬಂದಿತ್ತು, ಕಾಫಿ ಬಗ್ಗಿಸುವವನು ಎರಡನೆಯ ಸುತ್ತಿನಲ್ಲಿದ್ದ. ರಯ್ಯಾಳ ಮೇಲಧಿಕಾರಿ ಉಸ್ತಾದ್ ಬದರ್ ನೆಲದ ಮೇಲೆ ನಕ್ಷೆ ಹರಡಿದ್ದರು. ಒಳ್ಳೆಯ ಮನುಷ್ಯ, ಕೆಲಸ ಕೊಟ್ಟವರು ಅವರೇ. ಇಷ್ಟು ಚಿಕ್ಕ ವಯಸ್ಸಿಗೆ ಇಂಥ ಅಚ್ಚುಕಟ್ಟು ಕೆಲಸವನ್ನು ತಾವು ಕಂಡಿಲ್ಲ, ನಕ್ಷೆಯನ್ನು ನೋಡಿದ ದೊಡ್ಡವರೂ ಒಂದು ಗೆರೆಯನ್ನೂ ತಿದ್ದಲಿಲ್ಲ ಎಂದು ಅವರು ಶೇಖ್ ಅವರಿಗೆ ಹೇಳುತ್ತಿದ್ದಾಗ ರಯ್ಯಾಳ ಕಿವಿ ಸುಡುತ್ತಿತ್ತು. ಹೊಗಳಿಕೆ ಇಷ್ಟು ಭಾರವಾಗಿರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ.

ಶೇಖ್ ಮುಹನ್ನಾ ಒಪ್ಪಿಗೆಗೆ ಕೈ ಎತ್ತುವ ಮೊದಲು, ರಯ್ಯಾಳ ಹಿಂದೆಯೇ ಇಳಿದು ಬಂದು ಬಾಗಿಲ ಪಕ್ಕ ಕೂತಿದ್ದ ಹಿಲಾಲನಮ್ಮ ಮಾತು ತೆಗೆದಳು.

“ಶೇಖ್, ಇವರು ಬೇಲಿ ಹಾಕ್ತಿರೋದು ಏನೂ ಇಲ್ಲದ ಕಡೆ. ಆ ಕಲ್ಲಿರೋದು ಮೇಲಿನ ತಿರುವಲ್ಲಿ, ಕಹಿ ನೀರಿನ ಹತ್ತಿರ.”

ಯಾರೋ ಒಬ್ಬರು, ನಿನಗೆ ಇದನ್ನೆಲ್ಲ ಯಾರು ಕಲಿಸಿದರು, ಆಡುಗಳಾ ಎಂದರು. ನಗೆ ಎದ್ದಿತು. ಹೌದು, ಅವೇ ಎಂದಳು ಹಿಲಾಲನಮ್ಮ. ನಗೆ ಇನ್ನೂ ಜೋರಾಯಿತು. ಉಸ್ತಾದ್ ಬದರ್ ನಗಲಿಲ್ಲ. ಅಮ್ಮ, ನಿಮ್ಮ ಮಾತಿಗೆ ಗೌರವ ಇದೆ, ಆದರೆ ಇದು ಓದಿದವರು ಅಳೆದು ಎಳೆದದ್ದು ಎಂದು ಮೃದುವಾಗಿ ಹೇಳಿ, ಶೇಖ್ ಅವರ ಕಡೆ ತಿರುಗಿದರು.

ಮುದುಕಿ ರಯ್ಯಾಳ ಮುಖವನ್ನು ನೋಡಲಿಲ್ಲ, ನೋಡಿದ್ದರೆ ರಯ್ಯಾಗೆ ಸುಲಭವಾಗುತ್ತಿತ್ತೇನೋ. ಸೆರಗಿನಿಂದ ಬೆರಳ ಸಂದಿಯ ಬಿಳಿ ಸುಣ್ಣವನ್ನು ಒರೆಸಿಕೊಳ್ಳುತ್ತ ಕೂತಳು.

ಕಾಫಿಯವನು ರಯ್ಯಾಳ ಮುಂದೆ ಬಗ್ಗಿದ. ಅವಳು ರೂಢಿಯಂತೆ, ಸಾಕು ಎಂದು ಬಟ್ಟಲನ್ನು ಅಲುಗಿಸಿ ಕೊಟ್ಟಳು. ಶೇಖ್ ಅವರ ಕೈ ಮೇಲೇಳುತ್ತಿತ್ತು. ಹಜಾರದ ಇಪ್ಪತ್ತು ಗಂಡಸರ ನಡುವೆ ಎದ್ದು ನಿಂತದ್ದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

“ಒಂದು ಗಳಿಗೆ ನಿಲ್ಲಿ,” ಎಂದಳು. “ಆ ಗೀಟು ಎಳೆದವಳು ನಾನು, ಕಲ್ಲು ಒಡೆದು ನೋಡದೆ ಎಳೆದೆ. ಅದು ತಪ್ಪು. ಸರಿಯಾದ ಜಾಗ ನನಗೆ ತೋರಿಸಿದ್ದು ಹಿಲಾಲನಮ್ಮ.”