ಒಂದು ಕೈ ಜೇಬಿನಲ್ಲಿ

ಹೊಸ ಪ್ಯಾಂಟಿನ ಜೇಬಿಗೆ ಸತ್ತ ಗಂಡನ ಎಡಗೈ ತೂರಿಸಲು ನೋಡಿದಳು ಅವಳು. ಜೇಬು ಬಾಯಿಯೇ ಬಿಡಲಿಲ್ಲ. ಅಂಗಡಿಯವರು ಹಾಕಿದ್ದ ಹೊಲಿಗೆ ಹಾಗೇ ಇತ್ತು.

"ಯಾರಾದ್ರೂ ಕತ್ತರಿ ಕೊಡಿ," ಎಂದಳು.

ಸತ್ತವನ ಅಣ್ಣ ಅಡ್ಡ ಬಂದರು. "ಎರಡೂ ಕೈ ಎದೆ ಮೇಲಿರಲಿ ಬಿಡಮ್ಮ. ಮಣ್ಣಿಗೆ ಹೋಗೋವಾಗಲಾದ್ರೂ ಮರ್ಯಾದೆಯಾಗಿ ಹೋಗಲಿ."

ಹಳೇ ಹುಣ್ಣು ಅದು. ಎಷ್ಟೋ ವರ್ಷದ ಹಿಂದೆ ಅಣ್ಣ ಮೈಕ್‌ಸೆಟ್ ರಿಪೇರಿ ಅಂಗಡಿ ನೋಡಲು ಬಂದಾಗ, ತಮ್ಮ ಅವರೆದುರು ಒಂದು ಕೈ ಜೇಬಿನಲ್ಲಿಟ್ಟುಕೊಂಡೇ ನಿಂತಿದ್ದ. ಅಣ್ಣ ಮತ್ತೆಂದೂ ಆ ಮೆಟ್ಟಿಲು ಹತ್ತಲಿಲ್ಲ.

ಆ ರಿಪೇರಿ ಅಂಗಡಿಯ ಪಾಲುದಾರ ಗಂಟಲು ಸರಿಮಾಡಿಕೊಂಡ. ಯಾರ ದನಿಯಲ್ಲಾದರೂ ಹಾಗ್ಹಾಗೇ ಮಾತಾಡುತ್ತಿದ್ದುದರಿಂದ ಅವನಿಗೆ ಟೇಪು ಎಂದೇ ಹೆಸರು. "ಅವತ್ತು ನಾನೂ ಅಲ್ಲೇ ಇದ್ದೆ, ಅಣ್ಣ," ಎಂದ.

\*

ಅವತ್ತು ಅಂಗಡಿಯ ಮೇಜಿನ ಮೇಲೆ ಭಾರೀ ಆಂಪ್ಲಿಫೈಯರ್ ಹೊಟ್ಟೆ ತೆರೆದುಕೊಂಡು ಕೂತಿತ್ತು. ಪ್ಲಗ್ ಕಿತ್ತಾಯಿತಲ್ಲ ಎಂದು ಟೇಪು ಎರಡೂ ಕೈ ಚಾಚಿದ.

"ತಡಿಯೋ. ಪ್ಲಗ್ ಕಿತ್ರೂ ಈ ಕೆಪಾಸಿಟರ್ ಮಹಾಶಯ ಸಿಟ್ಟು ಹೊಟ್ಟೇಲೇ ಇಟ್ಕೊಂಡಿರ್ತಾನೆ."

ರಿಪೇರಿಗೆ ಕೂತಿದ್ದ ತಮ್ಮ, ಬಲ್ಬಿನ ಒಂದು ವೈರನ್ನು ಕೆಪಾಸಿಟರಿನ ಒಂದು ತುದಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದ. ಎಡಗೈ ಜೇಬಿಗಿಳಿಸಿ, ಇನ್ನೊಂದು ವೈರನ್ನು ಬಲಗೈಯಲ್ಲಿ ಹಿಡಿದು ಅದರ ಮತ್ತೊಂದು ತುದಿಗೆ ಮುಟ್ಟಿಸಿದ. ಒಳಗೆ ಉಳಿದಿದ್ದ ಕರೆಂಟಿಗೆ ಬಲ್ಬು ಝಗ್ಗನೆ ಹೊತ್ತಿತು.

ಆ ಕೈಗೇನು ರಜೆಯಾ ಎಂದು ಟೇಪು ಕೆಣಕಿದ.

"ಎರಡೂ ಕೈ ಇಟ್ರೆ ಕರೆಂಟು ಈ ಕೈಯಿಂದ ಆ ಕೈಗೆ ಹೊರಡುತ್ತೆ. ದಾರೀಲಿ ಎದೆ ಸಿಗುತ್ತೆ ಕಣೋ."

ಅಷ್ಟರಲ್ಲಿ ಅಣ್ಣ ಬಾಗಿಲಲ್ಲಿದ್ದರು. ಬಲ್ಬು ಆರಿ, ಮೀಟರಿಟ್ಟು ನೋಡಿ, ಎಡಗೈ ಹೊರತೆಗೆಯುವಷ್ಟರಲ್ಲಿ ಬಾಗಿಲು ಖಾಲಿ.

\*

ಟೇಪು ಹೇಳಿ ಮುಗಿಸಿದಾಗ ಅಣ್ಣ ತಮ್ಮನ ಮುಖದತ್ತ ಬಗ್ಗಿದರು. "ಹೇಳಬಹುದಿತ್ತಲ್ಲ, ಇವನು."

"ನೀವು ಕೇಳ್ಲಿ ಅಂತ ಕಾದ್ರು, ಭಾವ," ಎಂದಳು ಅವಳು ಮೂಗೊರೆಸಿಕೊಂಡು. "ಸಿಟ್ಟು ಹೊಟ್ಟೇಲಿಟ್ಕೊಳ್ಳೋದ್ರಲ್ಲಿ ನೀವಿಬ್ರೂ ಒಂದೇ ಕಂಪನಿ ಮಾಲು."

ಯಾರೋ ಕತ್ತರಿ ತಂದರು. ಅವಳು ಕೈ ಚಾಚುವ ಮೊದಲೇ ಅಣ್ಣ ಅದನ್ನು ತೆಗೆದುಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದರು. ತಮ್ಮನ ಎಡಗೈಯನ್ನು ತಾವೇ ಜೇಬಿಗಿಳಿಸಿದರು.

"ಸರಿಯಾಗಿ ಕೂತ್ಕೊಂತು, ಅಣ್ಣ," ಎಂದಿತು ಸತ್ತವನ ದನಿ.

"ಇರಲಿ ಬಿಡೋ," ಎಂದುಬಿಟ್ಟರು ಅಣ್ಣ.

ಆಮೇಲೆ ತಿರುಗಿ ಟೇಪುವನ್ನು ನೋಡಿದರು. ಟೇಪು ಸೂರು ನೋಡುತ್ತಿದ್ದ. ಮೊದಲು ನಕ್ಕವಳು ಅವಳೇ. ಆಮೇಲೆ ಇಡೀ ಕೋಣೆ ನಕ್ಕಿತು.

ಸಂಜೆ, ಗುಂಡಿಯ ಬಳಿ, ಸರದಿ ಬಂದಾಗ ಅಣ್ಣ ಬಗ್ಗಿ ಬಲಗೈಯಿಂದ ಒಂದು ಹಿಡಿ ಮಣ್ಣು ಹಾಕಿದರು. ಎಡಗೈ ಜೇಬಿನಲ್ಲಿತ್ತು.