ಪಂಕಾ ಹುಚ್ಚಯ್ಯನ ಬೇಜಾರು

ನಂಜನಗೂಡಿನ ಮಹನೀಯರು ತಲೆ ಕೆಡಿಸಿಕೊಂಡ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಘನವಾದದ್ದು ಇದು: ಪಂಕಾ ಎಳೆಯುವವನಿಗೆ ಕೆಲಸದಲ್ಲಿ ಬೇಜಾರಾಗುತ್ತದೆಯೋ ಇಲ್ಲವೋ? ಊರಿಗೆ ರೈಲು ಬಂದಾಗಲೂ ಇಷ್ಟು ವಿಚಾರಣೆ ನಡೆದಿರಲಿಲ್ಲವಂತೆ. ಇದೊಂದರ ಇತ್ಯರ್ಥಕ್ಕಾಗಿ ಎಂ.ಎ. ಪಾಸಾದ ಶಿವಸ್ವಾಮಿಯವರು ಮೈಸೂರಿನಿಂದ ಒಂದು ಕೈಗಂಟೆ, ಒಂದು ಜೇಬುಗಡಿಯಾರ, ಒಂದು ಮಡಚುವ ಕುರ್ಚಿ ಸಮೇತ ದಯಮಾಡಿಸಿದರು. ಜರ್ಮನಿಯ ಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು.

ಆಗ ನಾನು ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಹೊಸ ಗುಮಾಸ್ತ. ಈಗ ಗುಂಡಿ ಒತ್ತಿದರೆ ಗಾಳಿ ಬರುತ್ತದೆ. ಆಗ ಗಾಳಿಗೂ ಒಬ್ಬ ಮನುಷ್ಯ ಬೇಕಾಗಿತ್ತು. ನಮ್ಮ ಸಾಹೇಬರ ತಲೆಯ ಮೇಲೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಪಂಕಾ ತೂಗಾಡುತ್ತಿತ್ತು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗೆ ಬಂದು ಜಗಲಿಯಲ್ಲಿ ಕುಳಿತ ಹುಚ್ಚಯ್ಯನ ಬಲಗೈ ಸೇರುತ್ತಿತ್ತು. ಹುಚ್ಚಯ್ಯ ಹೆಡತಲೆ ಎಂಬ ಹಳ್ಳಿಯ ಕಡೆಯವನು, ಊರು ಬಿಟ್ಟು ಬಂದು ನಂಜನಗೂಡಿನಲ್ಲೇ ನೆಲೆಸಿದ್ದ. ಅವನ ಎದುರಿಗೆ ಒಂದು ಕಲ್ಲುಕಂಬ. ಮಧ್ಯಾಹ್ನದ ರೈಲು ಸೇತುವೆಯ ಮೇಲೆ ಸಿಳ್ಳು ಹಾಕುವ ಹೊತ್ತಿಗೆ ಅವನ ಹೆಂಡತಿ ಮಂಚಮ್ಮ ಹಿಟ್ಟು, ಸೊಪ್ಪಿನ ಸಾರು ತಂದು ಆ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಅವನು ಎಡಗೈಯಲ್ಲಿ ಉಣ್ಣುವ ಹಾಗಿಲ್ಲ, ಬಲಗೈ ಬಿಡುವ ಹಾಗಿಲ್ಲ. ಅವನು ಉಂಡು ಮುಗಿಸುವವರೆಗೂ ಹಗ್ಗ ಅವಳದು. ಒಳಗೆ ನಮಗೆ ಗಾಳಿ ಸ್ವಲ್ಪ ಜೋರಾಗಿ ಬಂದರೆ, “ಹುಚ್ಚಯ್ಯ ಊಟಕ್ಕೆ ಕೂತ,” ಎಂದುಕೊಳ್ಳುತ್ತಿದ್ದೆವು. ಹಿಂದಿನ ವರ್ಷ ದೊಡ್ಡ ಜ್ವರ ಬಂದಾಗ ಮಂಚಮ್ಮ ಹೋದಳು. ಕಂಬ ಉಳಿಯಿತು.

ಶಿವಸ್ವಾಮಿಯವರು ಕಲ್ಕತ್ತೆಯಲ್ಲಿ ಮನಶ್ಶಾಸ್ತ್ರ ಓದಿ ಬಂದವರು. ಮನುಷ್ಯನ ಗಮನ ಎಷ್ಟು ಹೊತ್ತು ನಿಲ್ಲುತ್ತದೆ, ಅವನ ಮನಸ್ಸಿನ ಕಷ್ಟಕ್ಕೂ ಕೆಲಸದ ತೃಪ್ತಿಗೂ ಏನು ಸಂಬಂಧ ಎಂಬುದು ಅವರ ಸಂಶೋಧನೆ. ಒಂದೇ ಕೆಲಸವನ್ನು ದಿನವಿಡೀ ಮಾಡುವ ಮನುಷ್ಯ ಬೇಕು ಎಂದರು. ನಮ್ಮಲ್ಲಿ ಅಂಥ ಕೆಲಸ ಮಾಡುವವನು ಹುಚ್ಚಯ್ಯ ಒಬ್ಬನೇ. ಒಳಗಿದ್ದ ನಾವು ಅಷ್ಟನ್ನೂ ಮಾಡುತ್ತಿರಲಿಲ್ಲ.

ಮೊದಲು ಗಮನದ ಪರೀಕ್ಷೆ. “ನೋಡಿ ಹುಚ್ಚಯ್ಯನವರೇ, ಗಂಟೆ ಹೊಡೆದ ತಕ್ಷಣ ನೀವು ಬಲಗೈ ಎತ್ತಬೇಕು.”

‘ನೀವು’ ಎಂದದ್ದು ಯಾರಿಗೆ ಎಂದು ಹುಚ್ಚಯ್ಯ ಹಿಂತಿರುಗಿ ನೋಡಿದ. ಹಿಂದೆ ಗೋಡೆಯಿತ್ತು.

ಗಂಟೆ ಹೊಡೆಯಿತು, ಬಲಗೈ ಎದ್ದಿತು, ಕೈಯೊಂದಿಗೆ ಹಗ್ಗವೂ ಎದ್ದು ಪಂಕಾ ನಿಂತಿತು. ಒಳಗಿನಿಂದ ಸಾಹೇಬರು “ಯಾರಲ್ಲಿ!” ಎಂದರು. ಬೈಗುಳಕ್ಕೆ ಹೆದರಿ ಅವನು ಹಗ್ಗದ ಮೇಲೆ ಮನಸ್ಸಿಟ್ಟರೆ ಗಂಟೆ ಕೇಳಿಸದು.

“ಗಮನ ಕೊಟ್ಟರೆ ಗಾಳಿ ಇಲ್ಲ, ಗಾಳಿ ಬಂದರೆ ಗಮನ ಇಲ್ಲ,” ಎಂದು ಶಿರಸ್ತೇದಾರ್ ರಾಮಯ್ಯನವರು ತೀರ್ಪು ಓದುವ ದನಿಯಲ್ಲಿ ಹೇಳಿ ನಶ್ಯ ಏರಿಸಿದರು.

ಆಮೇಲೆ ಪ್ರಶ್ನೆಗಳು. “ಕೆಲಸದಲ್ಲಿ ತೃಪ್ತಿಯಿದೆಯೇ?”

“ಅದು ಊಟಕ್ಕೆ ಕೂರ್ಸಿ ಕೇಳಾದಲ್ವಾ ಬುದ್ಧೀ?”

“ಹೋಗಲಿ. ನಿರ್ವೇದ?”

“ಅದು ಕೊಟ್ಟವ್ರೆ ಬುದ್ಧಿ, ಜ್ವರ ಬಂದಾಗ, ಡಾಕಟ್ರು. ಬಾಯೆಲ್ಲ ಕಯ್ಯಿ.”

ಶಿವಸ್ವಾಮಿಯವರು ರಾಮಯ್ಯನವರ ಮುಖ ನೋಡಿದರು. “ಬೇಜಾರು ಅನ್ನಿ ಸ್ವಾಮಿ,” ಎಂದರು ಅವರು, “ನಮ್ಮ ಕಡೆ ಎಲ್ಲಾ ಅದರಲ್ಲೇ ಬಂದುಬಿಡುತ್ತೆ.”

ಎಲ್ಲವೂ ಅದರಲ್ಲೇ ಬಂತು, ತೊಂದರೆಯಾದದ್ದೂ ಅದಕ್ಕೇ.

“ನಿಮಗೆ ಬೇಜಾರಾಗುತ್ತದೆಯೇ?”

ಹುಚ್ಚಯ್ಯನನ್ನು ಈ ಮಾತು ಯಾರೂ ಕೇಳಿರಲಿಲ್ಲ. “ಆಯ್ತದೆ ಬುದ್ಧಿ. ದಿನಾಲೂವೆ.”

“ಮನೆಯಲ್ಲಿ ಹೆಚ್ಚೋ, ಕೆಲಸದಲ್ಲೋ?”

“ಅಟ್ಟೀಲಿ ಎಲ್ಲಿ ಆಯ್ತದೆ ಬುದ್ಧಿ. ಇಲ್ಲಿ ಕೂತ್ಕಂಡು ಅಗ್ಗ ಇಡುದ್ರೆ ಸಾಕು, ಸುರುವಾಯ್ತದೆ.”

ಶಿವಸ್ವಾಮಿಯವರಿಗಾದ ಸಂತೋಷವನ್ನು ಏನೆಂದು ಹೇಳಲಿ! ಒಂದೇ ಬಗೆಯ ಕೆಲಸ ಮನುಷ್ಯನನ್ನು ಹೇಗೆ ಹಿಂಡುತ್ತದೆ ಎಂದು ಪುಸ್ತಕ ಹೇಳಿತ್ತೋ, ಈ ಮುದುಕ ಹಾಗೆಯೇ ಹೇಳಿದ್ದ. ಇವನಿಗೆ ಬದಲಾವಣೆ ಬೇಕು, ಓಡಾಟ ಬೇಕು, ಹೊಸ ಮುಖಗಳು ಬೇಕು ಎಂದು ಸಾಹೇಬರಿಗೆ ಶಿಫಾರಸು ಮಾಡಿದರು. ಸಾಹೇಬರು ದಯಾಳುಗಳು. ಹುಚ್ಚಯ್ಯನನ್ನು ನರಸೀಪುರಕ್ಕೆ ಟಪಾಲು ಚೀಲ ಒಯ್ಯುವ ಜವಾನನನ್ನಾಗಿ ಮಾಡಿ, ಹಗ್ಗವನ್ನು ತಗಡೂರಿನ ಬೆಟ್ಟಯ್ಯ ಎಂಬ ಕಟ್ಟಾಳಿಗೆ ಕೊಟ್ಟರು. ಹುಚ್ಚಯ್ಯ “ಯಾನ ತಪ್ಪು ಮಾಡ್ದೆ ಬುದ್ಧಿ?” ಎಂದ. “ತಪ್ಪಲ್ಲಯ್ಯಾ, ಬಡ್ತಿ!” ಎಂದು ನಾವೆಲ್ಲ ನಕ್ಕೆವು. ಅವನು ಚೀಲ ಎತ್ತಿಕೊಂಡು, ಒಂದು ಸಲ ಕಂಬದ ಕಡೆ ನೋಡಿ ಹೊರಟ.

ನರಸೀಪುರದ ದಾರಿ ಒಂದು ದಿನದ್ದು. ಹೊಸ ಮುಖಗಳು ಬೇಕಾದಷ್ಟು ಸಿಕ್ಕವು. ಹಳ್ಳಿಗೊಬ್ಬರು ನಿಲ್ಲಿಸಿ “ಎಂಡ್ರು ಓಗ್ಬುಟ್ಲಂತೆ, ಇನ್ನೊಂದ್ ಎಣ್ಣು ನೋಡಿ ಕೂಡಾವಳಿ ಮಾಡ್ಕಳ್ಳಾ,” ಎಂದು ಎಲೆಅಡಿಕೆ ಕೊಡುತ್ತಿದ್ದರಂತೆ. ಮಾತಿಗೆ ಮಾತು ಕೊಡುತ್ತ ನಡೆಯುವುದೇ ಅವನ ಪಾಡಾಯಿತು. ಅವನು ಸೊರಗಿದ. ಶಿವಸ್ವಾಮಿಯವರೂ ನರಸೀಪುರದ ಸಂಗಮಕ್ಕೆ ಹೋಗಿ ಹರಿಗೋಲಿನವನಿಗೆ ಅದೇ ಬೇಜಾರಿನ ಪ್ರಶ್ನೆ ಕೇಳಿದರಂತೆ. “ನಡು ನೀರ್‌ನಲ್ಲಿ ಕೇಳ್ಬ್ಯಾಡಿ ಸಾ. ಊ ಅಂದ್ರೆ ಉಟ್ಟು ಕೆಳಕ್ಕಾಕ್ಬೇಕಾಯ್ತದೆ,” ಎಂದನಂತೆ ಅವನು. ಹುಟ್ಟಿಲ್ಲದ ಹರಿಗೋಲನ್ನು ನೆನೆಸಿಕೊಂಡು ಅವರು ನಂಜನಗೂಡಿಗೆ ಹಿಂತಿರುಗಿದರು.

ಅವರು ಸಾಹೇಬರ ಎದುರು ಕುಳಿತು ಮಾತಾಡುತ್ತಿದ್ದಾಗಲೇ ಪಂಕಾ ನಿಂತುಹೋಯಿತು. ಬೆಟ್ಟಯ್ಯ ಬಂದಾಗಿನಿಂದ ಅದು ನಿಲ್ಲುವುದೇ ಹೆಚ್ಚು. ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ತೂಗತೊಡಗಿತು. ಹದವಾಗಿ, ಕಾಗದದ ಅಂಚು ಮಾತ್ರ ಅಲುಗುವಂತೆ. ನಾವೆಲ್ಲ ತಲೆಯೆತ್ತಿದೆವು. ಆ ಗಾಳಿ ನಮಗೆ ಗೊತ್ತಿತ್ತು.

ಹೊರಗೆ ಬಂದು ನೋಡಿದರೆ ಬೆಟ್ಟಯ್ಯ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಅವನ ಪಕ್ಕದಲ್ಲಿ ಹುಚ್ಚಯ್ಯ, ಟಪಾಲು ಚೀಲವನ್ನು ಹೆಗಲಿಂದ ಇಳಿಸದೆ, ಹಗ್ಗ ಎಳೆಯುತ್ತ ಕಂಬ ನೋಡುತ್ತಿದ್ದ. ಕೆನ್ನೆ ಒದ್ದೆಯಾಗಿತ್ತು.

“ಏನಯ್ಯಾ ಇದು?” ಎಂದರು ಸಾಹೇಬರು. “ಬೇಜಾರು ಅಂದೆಯಲ್ಲ, ಅದಕ್ಕೇ ತಪ್ಪಿಸಿದೆವು!”

“ಅದುನ್ನ ತಪ್ಪುಸ್ಬ್ಯಾಡಿ ಬುದ್ಧಿ.” ಅವನ ಕೈ ನಿಲ್ಲಲಿಲ್ಲ. “ಅಟ್ಟೀಲಿ ಅತ್ರೆ ಐಕ್ಳು ಮಕ್ಳು ಎದರ್ಕತವೆ. ದಾರೀಲಿ ಅತ್ರೆ ಜನ ಸುತ್ಕತಾರೆ. ಇಲ್ಲಿ ಕೂತ್ರೆ ಬೆವ್ರು ಅನ್ಕಂಡು ಸುಮ್ಕಿರ್ತೀರಿ. ಆ ಕಂಬದತ್ರ ಅವ್ಳು ಕೂರೋಳು. ನನ್ ಬೇಜಾರು ನಂಗ್ ಬೇಕು ಬುದ್ಧೀ.”

ಮಾತಿನ ಸದ್ದಿಗೆ ಬೆಟ್ಟಯ್ಯ ಎಚ್ಚತ್ತು, ಸಾಹೇಬರನ್ನು ಕಂಡು ದಡಬಡಿಸಿ ಎದ್ದ. “ತಪ್ಪಾಯ್ತು ಬುದ್ಧಿ! ಎಳ್ದೂ ಎಳ್ದೂ ಬೇಜಾರಾಗಿ ಕಣ್ಣು ಎಳ್ಕಂಡೋಯ್ತು. ಉಚ್ಚಯ್ಯಣ್ಣೋ, ನಿನ್ ದಮ್ಮಯ್ಯ, ನಿನ್ ಅಗ್ಗ ನೀನೇ ಮಡಿಕ! ಆ ಚೀಲ ಇತ್ಲಾಗಿ ಕೊಡು.”

ಬೇಜಾರು ಎಂಬ ಒಂದೇ ಮಾತನ್ನು ಇಬ್ಬರೂ ಆಡಿದ್ದರು. ಶಿವಸ್ವಾಮಿಯವರು ಒಬ್ಬನನ್ನು ನೋಡಿದರು, ಇನ್ನೊಬ್ಬನನ್ನು ನೋಡಿದರು. ಆಮೇಲೆ ಮೊದಲ ಬಾರಿಗೆ ಗಂಟೆ ಗಡಿಯಾರ ಎರಡನ್ನೂ ಕೆಳಗಿಟ್ಟು, “ರಾಮಯ್ಯನವರೇ, ನೀವು ಹೇಳಿಕೊಟ್ಟ ಮಾತು...” ಎಂದರು.

“ನಾನು ಮೊದಲೇ ಹೇಳಲಿಲ್ಲವೇ ಸ್ವಾಮಿ, ಎಲ್ಲಾ ಅದರಲ್ಲೇ ಬರುತ್ತೆ ಅಂತ?” ಎಂದು ರಾಮಯ್ಯನವರು ನಶ್ಯದ ಡಬ್ಬಿ ತೆರೆದರು.

ಸೇತುವೆಯ ಮೇಲೆ ಮಧ್ಯಾಹ್ನದ ರೈಲು ಸಿಳ್ಳು ಹಾಕಿತು. ಹುಚ್ಚಯ್ಯ ಚೀಲ ಇಳಿಸಿ, ಬೆಟ್ಟಯ್ಯನ ಕಡೆ ಕಾಲಿಂದ ಸರಿಸಿ, ಗೋಡೆಗೆ ಬೆನ್ನು ಕೊಟ್ಟು ಸರಿಯಾಗಿ ಕುಳಿತ. ನಾವು ಒಳಗೆ ಹೋದೆವು. ಆ ದಿನದ ಗಾಳಿ ಚೆನ್ನಾಗಿತ್ತು. ಅಂಥ ಗಾಳಿಯನ್ನು ನಾನು ಮತ್ತೆಲ್ಲೂ ಕುಡಿದಿಲ್ಲ.

ಬೆಟ್ಟಯ್ಯ ನರಸೀಪುರಕ್ಕೆ ಟಪಾಲು ಹೊತ್ತ. ಕಚೇರಿಗೆ ಕರೆಂಟು ಬರುವ ತನಕ ಹಗ್ಗ ಹುಚ್ಚಯ್ಯನ ಕೈಯಲ್ಲೇ ಇತ್ತು. ಶಿವಸ್ವಾಮಿಯವರ ಸಂಶೋಧನೆ ಅಚ್ಚಾದಾಗ ಅದರಲ್ಲಿ ನಂಜನಗೂಡು ಇರಲಿಲ್ಲ.