ಬಳೆ ನೋಡುವ ನೆಪ

ಚುರ್ ಅಂತು, ಒಂದು ಹನಿ ಕೊಬ್ಬು ಕೆಂಡದ ಮೇಲೆ ಬಿತ್ತು, ಹೊಗೆ ಎದ್ದು ನೇರ ನನ್ನ ಮುಖಕ್ಕೇ ಬರಬೇಕೆ, ಇಷ್ಟು ಮಂದಿ ಕೂತಿದ್ದಾರೆ — ಮೇಜಿನ ನಡುವೆ ತೂತು ಕೊರೆದು ಕೆಂಡ ಇಳಿಸಿದ್ದಾರೆ, ಮೇಲೆ ಕಬ್ಬಿಣದ ಕಡ್ಡಿ, ಕಡ್ಡಿಗೆ ಚುಚ್ಚಿದ ಕೋಳಿ, ಕುರಿ, ನಮ್ಮ ನವನಗರಕ್ಕೂ ಬಂತಪ್ಪ ಬಾರ್ಬೆಕ್ಯೂ, ಹೊರಗೆ ಬಿಸಿಲು ಬಾಗಲಕೋಟೆಯನ್ನೇ ಹುರಿಯುತ್ತಿದೆ, ಒಳಗೆ ಎಸಿ ಹಾಕಿ ಕೆಂಡ ಕಾಯಿಸಿಕೊಳ್ಳುವುದು, ಇದಕ್ಕೆ ಏನನ್ನಬೇಕೋ. ಸಾಕಾದರೆ ಮೇಜಿನ ಮೇಲಿನ ಬಾವುಟ ಮಲಗಿಸಬೇಕಂತೆ, ಅಲ್ಲಿಯವರೆಗೆ ತಂದು ಹಾಕುತ್ತಲೇ ಇರುತ್ತಾರಂತೆ, ನನ್ನ ಕೈಗೂ ಅಂಥದ್ದೊಂದು ಬಾವುಟ ಕೊಟ್ಟಿದ್ದರೆ ಮದುವೆಯಾದ ವರ್ಷವೇ ಮಲಗಿಸುತ್ತಿದ್ದೆ. ನನ್ನ ಗಂಡ ಗೌತಮ, ಇವತ್ತಿನ ಪ್ರಮೋಶನ್ ಪಾರ್ಟಿಯ ಸಾಹೇಬರು, ಎಲುಬನ್ನು ಎರಡು ಬೆರಳಲ್ಲಿ ಹಿಡಿದು ಹಲ್ಲಿನಿಂದ ಎಳೆಯುವ ಚಂದ ನೋಡು, ಮೊದಲ ಸಲ ತಿನ್ನುವವರ ಕೈಯಲ್ಲ ಇದು, ಎಷ್ಟು ವರ್ಷದ ಅಭ್ಯಾಸವೋ, ಎಷ್ಟು ಮೀಟಿಂಗುಗಳು ಇಂಥ ಮೇಜುಗಳ ಸುತ್ತ ನಡೆದವೋ, ನನಗಂತೂ ಇವತ್ತೇ ಗೊತ್ತಾಗಿದ್ದು. ಅವರ ಆಫೀಸಿನ ನೀಲಪ್ಪನವರು ಪಾಪ ಒಳ್ಳೆಯವರು, ನನ್ನ ತಾಟಿನ ಕಡೆ ಒಂದು ಕಡ್ಡಿ ಚಾಚಿದರು, ತಗೋರಿ ಮೇಡಮ್ಮಾರ, ಕುರಿ ಭಾಳ ಮೆತ್ತಗ ಬೆಂದೈತಿ, ನಾನು ಬಾಯಿ ತೆರೆಯುವುದರೊಳಗೆ ಇವರೇ ಅಡ್ಡ ಬಂದರು, ಏ ಬ್ಯಾಡ್ರಿ, ನಮ್ಮಾಕಿ ಹುಟ್ಟಿದಾಗಿಂದ ಮುಟ್ಟಿಲ್ಲ, ಅಕೀಗಿ ಪನೀರ ಹಾಕ್ರಿ. ಹುಟ್ಟಿದಾಗಿನಿಂದ! ಹುನಗುಂದದ ಶಾರವ್ವನ ಮಗಳು ನಾನು, ರವಿವಾರ ಬಂತೆಂದರೆ ಒಲೆಯ ಮುಂದೆ ತಾಟು ಹಿಡಿದು ಕೂತವಳು, ಖಂಡದ ಸಾರಿನಲ್ಲಿ ಬಿಸಿ ರೊಟ್ಟಿ ಮುರಿದು ನೆನೆಸಿಕೊಂಡು, ನಳ್ಳಿ ಎಲುಬಿಗಾಗಿ ಯಮನಣ್ಣನ ಜೊತೆ ಜುಟ್ಟು ಹಿಡಿದು ಜಗಳಾಡಿದವಳು, ಒಂದೇ ಮಾತಿನಲ್ಲಿ ಅವ್ವ, ಅಣ್ಣ, ಒಲೆ ಎಲ್ಲವನ್ನೂ ಒರೆಸಿ ಹಾಕಿದರಲ್ಲ. ಪನೀರು ರಬ್ಬರಿನಂತಿದೆ.

ಬಾದಾಮಿಯ ಕಾಲೇಜಿನಲ್ಲಿದ್ದಾಗ ಇದೇ ಬಾಯಿ ಏನು ಹೇಳಿತ್ತು, ನಿಮ್ಮ ಮನಿ ಊಟದ್ದು ನನಗೇನೂ ಇಲ್ಲ ಶೈಲಾ, ನಮ್ಮವ್ವಗ ಖಂಡ ಆಗೂದಿಲ್ಲ, ಅಕಿ ಸಲುವಾಗಿ ನೀ ಬಿಟ್ಟರ ಸಾಕು. ಬಿಟ್ಟೆ. ನಾಲಿಗೆಯನ್ನೇ ಬಿಟ್ಟೆ ಅನ್ನಿ. ಆದರೂ ಅತ್ತೆಗೆ ನಂಬಿಕೆ ಎಲ್ಲಿ ಬರಬೇಕು, ತವರಿಗೆ ಹೋಗಿ ಬಂದು ಚಪ್ಪಲಿ ಬಿಡುವುದೇ ತಡ, ಬಾ ಇಲ್ಲೆ, ನಿಮ್ಮವ್ವ ಬಳಿ ಇಡಿಸ್ಯಾಳೇನ, ತೋರಸು — ಎಷ್ಟು ಅಕ್ಕರೆ ನೋಡಿ, ತವರಿನ ಹಸಿರು ಬಳೆ ನೋಡುವ ಅಕ್ಕರೆ, ಮಣಿಕಟ್ಟು ಹಿಡಿದು ಎತ್ತುತ್ತಾರೆ, ಬಳೆ ಹಿಂದಕ್ಕೆ ಸರಿಸುತ್ತಾರೆ, ಎತ್ತಿದ ಕೈ ಕಣ್ಣಿನ ಹತ್ತಿರ ನಿಲ್ಲುವುದಿಲ್ಲ, ಮೂಗಿನ ಹತ್ತಿರ ಹೋಗುತ್ತದೆ, ಬೆರಳುಗಳನ್ನು ಒಂದೊಂದಾಗಿ ಮೂಸಿ, ಚೊಲೊ ಅದಾವ ಬಳಿ, ಅಂತ ಕೈ ಬಿಡುತ್ತಾರೆ. ಇವರು ಅಲ್ಲೇ ಸೋಫಾದ ಮೇಲೆ ಮೊಬೈಲು ನೋಡುತ್ತಿರುತ್ತಾರೆ. ಒಂದು ಸಲವಾದರೂ, ಬಿಡವ್ವಾ, ಅಂದಿದ್ದರೆ! ತವರಿನಲ್ಲಿ ನನ್ನವ್ವನ ಮುಂದೆ ಒಮ್ಮೆ ಅತ್ತುಬಿಟ್ಟೆ, ಅವಳು ಬೈಯಲಿಲ್ಲ, ಕೂಗಾಡಲಿಲ್ಲ, ಬಳೆಗಾರ್ತಿ ಹುಸೇನಬಿಯನ್ನು ಕರೆಸಿ ಎರಡು ಬಳೆ ಹೆಚ್ಚಿಗೆ ಇಡಿಸಿದಳು ಅಷ್ಟೆ, ನೋಡಲಿ, ಕೈತುಂಬ ನೋಡಲಿ ಅಂತ.

ಮತ್ತೆ ಚುರ್ ಅಂತು. ಬೇಡ, ಆ ದಿನ ಬೇಡ ಈಗ — ಬಂತು ಆದರೂ, ಹೊಗೆಯ ಹಿಂದೆಯೇ ಬಂತು, ಅವ್ವನಿಗೆ ಏಳಲೂ ತ್ರಾಣ ಇರಲಿಲ್ಲ, ಆದರೂ ನಾನು ಬರುತ್ತೇನೆಂದು ಗೋಡೆ ಹಿಡಿದು ಎದ್ದು ಸಾರು ಕಾಸಿದ್ದಳು, ತಾಟು ತೊಡೆಯ ಮೇಲೆ ಇಟ್ಟುಕೊಂಡು, ನೀ ಕೈ ಹಚ್ಚಬ್ಯಾಡವ್ವಾ, ನಾ ತಿನಸ್ತೇನಿ, ನಿನ್ನ ಕೈಗೆ ವಾಸನಿ ಬರೂದಿಲ್ಲ. ಎಷ್ಟು ದಿನ ಮಲಗಿ ಮಲಗಿ ಇದನ್ನೇ ಯೋಚಿಸಿದ್ದಳೋ, ಮುಖದಲ್ಲಿ ಎಂಥ ಗೆಲುವು, ರೊಟ್ಟಿ, ಸಾರು, ಸಣ್ಣದೊಂದು ತುಂಡು ಸೇರಿಸಿ ತುತ್ತು ಮಾಡಿ ಎತ್ತಿದಳು, ಕೈ ನಡುಗುತ್ತಿತ್ತು, ನಾನು ಬಾಯಿ ತೆರೆದಿದ್ದೆ, ಖರೆ ಹೇಳುತ್ತೇನೆ, ತೆರೆದಿದ್ದೆ, ಬಾಗಿಲಲ್ಲಿ ಇವರು ನಕ್ಕರು, ಬಾಯಿ ವಾಸನಿ ಬರೂದಿಲ್ಲೇನ್ರಿ ಅತ್ತೀ, ಏಳು ಶೈಲಾ, ಬಸ್ಸು ಬಂತು. ತುತ್ತು ಅಲ್ಲೇ ನಿಂತಿತು, ನನ್ನ ಬಾಯಿಗೂ ತಾಟಿಗೂ ನಡುವೆ. ಆ ತಿಂಗಳು ಕಳೆಯುವುದರೊಳಗೆ ಅವ್ವ ಹೋದಳು. ಹೊಗೆ ಕಣ್ಣಿಗೆ ಹೋಯ್ತೇನ್ರಿ ಮೇಡಮ್ಮಾರ, ನೀಲಪ್ಪನವರು ಕೇಳುತ್ತಿದ್ದಾರೆ, ಹೌದ್ರಿ, ಹೊಗೆ.

ಬಾವುಟ ಮಲಗಿತು, ಎಲ್ಲರೂ ಎದ್ದರು, ಇವರು ಕೈ ತೊಳೆದರು, ಸಾಬೂನು ಹಚ್ಚಿ ತೊಳೆದರು, ನಿಂಬೆಹೋಳು ತಿಕ್ಕಿ ತೊಳೆದರು, ಬಾಯಿಗೆ ಹಿಡಿ ಬಡೇಸೋಪು ಸುರಿದುಕೊಂಡರು, ಉಳಿದವರು ಕಾರಿನ ಕಡೆ ಹೋದದ್ದನ್ನು ನೋಡಿಕೊಂಡು ನನ್ನನ್ನು ಬೇಸಿನ್ನಿನ ಪಕ್ಕಕ್ಕೆ ಎಳೆದು, ಏ ಶೈಲಾ, ಮೂಸಿ ನೋಡು, ವಾಸನಿ ಬರಾಕತ್ತೈತೇನ, ನಮ್ಮವ್ವಗ ಗೊತ್ತಾಗಬಾರದು. ಮೂಸಬೇಕಂತೆ, ನಾನು. ಬಂದ್ರೂ ಏನಾತು, ಅವ್ವ ಕೇಳಿದ್ರ ನಿಮ್ಮಣ್ಣ ಬಂದಿದ್ದ, ಅವನ ಜೋಡಿ ಕುಂತು ಉಂಡ್ವಿ, ಅವಂದ ವಾಸನಿ ಅಂದ್ಬಿಡು, ನಿಮ್ಮ ಕಡೀದು ಅಂದ್ರ ಅಕಿ ಹೆಚ್ಚಿಗಿ ಕೇಳೂದಿಲ್ಲ. ನಗುತ್ತಿದ್ದಾನೆ, ಅಂದು ಬಾಗಿಲಲ್ಲಿ ನಕ್ಕ ಅದೇ ನಗು, ಕೈ ನನ್ನ ಮೂಗಿನ ಮುಂದೆ, ನಿಂಬೆ, ಸಾಬೂನು, ಅವುಗಳ ಹಿಂದೆ ಕೆಂಡ, ಕೆಂಡದ ಹಿಂದೆ ಅರಿಷಿಣ, ಸುಟ್ಟ ಉಳ್ಳಾಗಡ್ಡಿ, ನಮ್ಮ ಒಲೆ, ಲಗೂನ ಹೇಳು, ಮಂದಿ ಕಾಯಾಕತ್ತಾರ, ಬರಾಕತ್ತೈತೋ ಇಲ್ಲೋ — ಬರುತ್ತಿದೆ, ಬರುತ್ತಿದೆ, ಬಾಯಿ ತಾನೇ ತೆರೆಯುತ್ತಿದೆ, ಎದುರಿಗೆ ಒಂದು ಕೈ, ನಡುಗುವ ಕೈ, ತುತ್ತು ಹಿಡಿದ ಕೈ, ಅಲ್ಲೇ ನಿಂತ ಕೈ